ಕಡ್ಡಿ ನುಣುಪು ಮಾಡಿದ ಮೌನೇಶ

ಮುಳಗೇರಿಯ ಪತ್ತಾರರ ಮನೆತನ ಎಂಥದು ಎಂಬುದನ್ನು ಮೊದಲು ಹೇಳಬೇಕು. ಪೆದ್ದನ ಕತೆ ಆಮೇಲೆ. ಪೆದ್ದ ಯಾರ ಮನೆಯಲ್ಲಿ ಬೇಕಾದರೂ ಹುಟ್ಟಿಬಿಡುತ್ತಾನೆ. ಮನೆತನ ಹಾಗೆ ಹುಟ್ಟುವುದಿಲ್ಲ.

ಆ ಮನೆಯ ಮುತ್ತಜ್ಜ ಮಾನಪ್ಪ ಪತ್ತಾರರು, ದೇಸಾಯರ ಕಣಜದ ಕೀಲಿಕೈ ಬಾವಿಗೆ ಬಿದ್ದಾಗ, ಎರಡು ಉಕ್ಕಿನ ಕಡ್ಡಿ ಹಿಡಿದು ಬೀಗ ಬಿಡಿಸಿಕೊಟ್ಟವರು. ಬೀಗಕ್ಕೆ ಒಂದು ಗೀರು ಬಿದ್ದಿರಲಿಲ್ಲ. ದೇಸಾಯರು ಶಾಲು ಹೊದಿಸಿದರು. ಅಜ್ಜ ಕಾಳಪ್ಪನವರು ಊರಿನಲ್ಲಿ ‘ಬೀಗ ಬಿಡಿಸುವ ಬಳಗ’ ಕಟ್ಟಿದರು. ಕೀಲಿಕೈ ಇಲ್ಲದೆ ಬೀಗ ತೆಗೆಯುವುದು ಆ ಬಳಗದವರಿಗೆ ಚದುರಂಗ ಇದ್ದ ಹಾಗೆ, ಒಂದು ಹವ್ಯಾಸ. ತನ್ನ ಬೀಗ ತಾನು ತರಬೇಕು, ತಾನೇ ಬಿಡಿಸಬೇಕು. ಇನ್ನೊಬ್ಬರ ಬೀಗವನ್ನು ಒಡೆಯನ ಅಪ್ಪಣೆ ಇಲ್ಲದೆ ಮುಟ್ಟಬಾರದು. ಕಟ್ಟಿದಂದಿನಿಂದ ಇವತ್ತಿನವರೆಗೆ ಬಳಗದ ವಾರ್ಷಿಕ ಸಭೆಯಲ್ಲಿ ಮೊದಲ ಬೀಗ ತೆಗೆಯುವುದು ಪತ್ತಾರರ ಮನೆಯಲ್ಲಿ ತಯಾರಾದ ಹನ್ನೆರಡು ಹೊಸ ಕಡ್ಡಿಗಳಿಂದಲೇ. ಊರಿನಲ್ಲಿ ಎಷ್ಟೋ ಕಳವು ನಡೆದವು. ಯಾವ ಕಳವಿನ ಮಾತಿನಲ್ಲೂ ಆ ಮನೆಯ ಹೆಸರು ಬರಲಿಲ್ಲ. ಬೀಗದ ವಿದ್ಯೆ ಬಲ್ಲ ಮನೆಗೆ ಇದಕ್ಕಿಂತ ದೊಡ್ಡ ಬಿರುದು ಇಲ್ಲ.

ಇಂಥ ಮನೆಗೆ ಸೊಸೆಯಾಗಿ ಬಂದವರು ಅಂಬುಜಾಬಾಯಿಯವರು. ಕಾನ್ವೆಂಟಿನಲ್ಲಿ ಕಲಿತವರು. ಸಿಟ್ಟು ಬಂದರೂ ವಾಕ್ಯವನ್ನು ಅರ್ಧಕ್ಕೆ ಬಿಡುವವರಲ್ಲ. ಸಿಟ್ಟು ಬಾರದ ದಿನವೂ ಇರಲಿಲ್ಲ, ಯಾಕೆಂದರೆ ದೇವರು ಅವರಿಗೆ ಕೊಟ್ಟದ್ದು ಒಬ್ಬನೇ ಮಗ, ಮೌನೇಶ. ವಯಸ್ಸು ಇಪ್ಪತ್ತೆಂಟು. ಕೈಗೆ ಬೀಗ ಕೊಟ್ಟರೆ ಶೇಂಗಾ ಸುಲಿದ ಹಾಗೆ ಬಿಡಿಸುತ್ತಿದ್ದ. ತಲೆಗೆ ಮಾತು ಕೊಟ್ಟರೆ ಮುಗಿಯಿತು. ಏನು ಹೇಳಿದರೋ ಅದನ್ನೇ ಮಾಡುತ್ತಿದ್ದ. ಅಷ್ಟನ್ನೇ ಮಾಡುತ್ತಿದ್ದ. ಮುಂದಿನ ಸಲ ಬೇರೆ ಕೆಲಸ ಬಂದರೂ ಅದನ್ನೇ ಮಾಡುತ್ತಿದ್ದ.

ಹೋದ ವರ್ಷ ಯಜಮಾನರು ತೀರಿಕೊಂಡರು. ಹೋಗುವ ಮೊದಲು ಹದಿಮೂರು ಕಡ್ಡಿ ಕತ್ತರಿಸಿ ಇಟ್ಟಿದ್ದರು. ಹನ್ನೆರಡು ಸಭೆಗೆ, ಒಂದು ಹೆಚ್ಚಿಗೆ. ನುಣುಪು ಮಾಡುವುದು ಬಾಕಿ ಇತ್ತು, ಮತ್ತು ಕೆಲಸವೆಲ್ಲ ಇರುವುದು ಆ ನುಣುಪಿನಲ್ಲೇ. ಬೀಗದೊಳಗಿನ ಸಣ್ಣ ಸಣ್ಣ ಮೊಳೆ ಮಿಸುಕಿದ್ದು ಕಡ್ಡಿಯ ಮೂಲಕ ಬೆರಳಿಗೆ ತಿಳಿಯಬೇಕು. ಕಡ್ಡಿಯ ಅಂಚು ತರಕಲಾಗಿದ್ದರೆ ಅದು ಅಲ್ಲಲ್ಲಿ ಕಚ್ಚಿಕೊಳ್ಳುತ್ತದೆ, ಏನೂ ತಿಳಿಯುವುದಿಲ್ಲ. “ಒರಟು ಕಡ್ಡಿ ಕಿವುಡು ಕಡ್ಡಿ” ಎಂದು ಆ ಮನೆಯಲ್ಲಿ ಮಾತೇ ಇತ್ತು. ಅಂಬುಜಾಬಾಯಿಯವರು ತಾವೇ ಉಜ್ಜೋಣವೆಂದರೆ ಬೆರಳಿನ ಗಂಟುಗಳು ಬಿಗಿದಿದ್ದವು, ಉಜ್ಜುವ ಉಪ್ಪುಕಾಗದ ಹಿಡಿಯಲು ಬರುತ್ತಿರಲಿಲ್ಲ.

ಬಳಗದ ಅಧ್ಯಕ್ಷರು ಹುದ್ದಾರ ಮಾಸ್ತರರು, ನಿವೃತ್ತ ಡ್ರಾಯಿಂಗ್ ಮಾಸ್ತರರು. ಅವರು ಬಾಗಿಲಲ್ಲೇ ನಿಂತು ಹೇಳಿ ಹೋದರು. “ಬಾಯಿ, ಸಭೆಗೆ ಹದಿನೈದು ದಿನ ಐತಿ. ಕಡ್ಡಿ ಆಗದಿದ್ರ ಹೇಳಿಬಿಡ್ರಿ. ಈ ವರ್ಷದಿಂದ ಬ್ಯಾರೆ ಮನಿಗೆ ಹೇಳತೀವಿ.”

“ಬೇರೆ ಮನೆಯೇ! ನಮ್ಮ ಕಡ್ಡಿ ಬರುತ್ತದೆ ಮಾಸ್ತರೇ. ಹೊತ್ತಿಗೆ ಸರಿಯಾಗಿ ಬರುತ್ತದೆ!”

ಒಳಗೆ ಬಂದು ಮಗನನ್ನು ಕೂರಿಸಿದರು. ಬಿಳಿ ಬಟ್ಟೆ ಹಾಸಿದರು. ಉಪ್ಪುಕಾಗದ ಮೂರು ಬಗೆಯದು ಇಟ್ಟರು: ಇನ್ನೂರರದು ದಪ್ಪ ಹರಳಿನದು, ನಾನೂರರದು ನಡುವಿನದು, ಎಂಟುನೂರರದು ಸಣ್ಣದು.

“ಮೌನೇಶ, ಕೇಳು. ಈ ಕಡ್ಡಿಯನ್ನು ಉದ್ದಕ್ಕೆ ಉಜ್ಜು. ಅಡ್ಡಕ್ಕೆ ಉಜ್ಜಬೇಡ. ನಾನು ಸಾಕು ಎನ್ನುವವರೆಗೆ ನಿಲ್ಲಿಸಬೇಡ. ತಿಳಿಯಿತೇ?”

“ತಿಳೀತು ಅವ್ವಾ.”

ಉಜ್ಜಲು ಶುರುಮಾಡಿದ. ಸರ್‍ರ್ ಸರ್‍ರ್. ಅಷ್ಟರಲ್ಲಿ ಪಕ್ಕದ ಮನೆಯ ನೀಲವ್ವ ಬಂದಳು. ಅವಳ ಮೊಮ್ಮಗಳಿಗೆ ತೊಟ್ಟಿಲು. ಅಂಬುಜಾಬಾಯಿಯವರು ಹೋದರು, ಹಾಡಿದರು, ಉಂಡರು, ಎಲೆಅಡಿಕೆ ಹಾಕಿಕೊಂಡರು, ಸಂಜೆ ಐದಕ್ಕೆ ಮನೆಗೆ ಬಂದರು. ಸರ್‍ರ್ ಸರ್‍ರ್.

“ಏನು ಮಾಡುತ್ತಿದ್ದೀಯ?”

“ಉಜ್ಜಾಕತ್ತೀನಿ ಅವ್ವಾ.”

“ಏನನ್ನು?”

ಮೌನೇಶ ಬೆರಳು ಎತ್ತಿ ತೋರಿಸಿದ. ಬೆರಳ ನಡುವೆ ಒಂದು ಕೂದಲೆಳೆ. ಕೊಕ್ಕೆಯಂತೆ ಬಾಗಿದ ತುದಿ ಇಲ್ಲ, ಹಿಡಿ ಇಲ್ಲ. ತಂದೆಯ ಕೈಯ ಹದಿಮೂರನೆಯ ಕಡ್ಡಿ ಉಪ್ಪುಕಾಗದದ ಕಪ್ಪು ಪುಡಿಯಾಗಿ ಬಿಳಿ ಬಟ್ಟೆಯ ಮೇಲೆ ಬಿದ್ದಿತ್ತು.

“ನೀ ಸಾಕು ಅನ್ಲಿಲ್ಲಲ್ಲವ್ವಾ!”

“ಪೆದ್ದಾ! ಪತ್ತಾರರ ಮನೆಗೆ ಹುಟ್ಟಿದ ಪೆದ್ದಾ! ಕಡ್ಡಿಯ ಜೀವ ಇರುವುದು ತುದಿಯಲ್ಲಿ. ಆ ತುದಿಯನ್ನೇ ತಿಂದು ಹಾಕಿದೆಯಲ್ಲ! ಏನು ಕೆಲಸ ಮಾಡುವುದಿದ್ದರೂ ಮೊದಲು ತುದಿಗೆ ಪಟ್ಟಿ ಸುತ್ತಿ ಭದ್ರ ಮಾಡು, ಆಮೇಲೆ ಕೈ ಹಾಕು!”

“ಆಗ್ಲಿ ಅವ್ವಾ. ಮುಂದಿನ ಸಲ ಹಂಗ ಮಾಡ್ತೀನಿ.”

ಮರುದಿನ ಅಮಾವಾಸ್ಯೆ. ಮೌನೇಶ್ವರನ ಗುಡಿಯಲ್ಲಿ ನೂರೆಂಟು ದೀಪ. ಬತ್ತಿ ಹೊಸೆದು ಕೊಡುವುದು ಪತ್ತಾರರ ಮನೆಯ ಪಾಳಿ. ಅಂಬುಜಾಬಾಯಿಯವರು ಬುಟ್ಟಿ ತುಂಬ ಬತ್ತಿ ಕೊಟ್ಟು, “ಹೋಗು, ಪ್ರತಿ ಹಣತೆಗೆ ಒಂದೊಂದು ಬತ್ತಿ ಇಟ್ಟು, ಎಣ್ಣೆ ಹಾಕಿ, ಸಿದ್ಧ ಮಾಡು” ಎಂದರು. ಹೋದ. ಇಟ್ಟ. ಎಣ್ಣೆ ಹಾಕಿದ. ಸಿದ್ಧ ಮಾಡಿದ.

ಸಂಜೆ ಪೂಜಾರಿ ಬೆಂಕಿಕಡ್ಡಿ ಗೀರಿದರು. ದೀಪ ಹತ್ತಲಿಲ್ಲ. ಎರಡನೆಯದು ಹತ್ತಲಿಲ್ಲ. ಮೂರನೆಯದು ಚುರ್‍ರ್ ಎಂದಿತು, ಸುಟ್ಟ ರಬ್ಬರಿನ ನಾತ ಹೊಡೆಯಿತು, ಹತ್ತಲಿಲ್ಲ. ಪೂಜಾರಿ ಬತ್ತಿಯನ್ನು ಎತ್ತಿ ಕಣ್ಣ ಹತ್ತಿರ ಹಿಡಿದರು.

“ಅಂಬುಜಾಬಾಯಿ! ಇಲ್ಲಿ ಬರ್ರಿ! ಇದೇನ್ರಿ ಇದು? ಬತ್ತಿ ತುದಿಗೆ ವಾಯರಿಗೆ ಸುತ್ತೋ ಪಟ್ಟಿ ಸುತ್ಯಾನಲ್ರಿ ನಿಮ್ಮ ಕುಮಾರಕಂಠೀರವ! ನೂರಾ ಎಂಟಕ್ಕೂ!”

“ಭದ್ರ ಮಾಡೀನ್ರಿ ಅಜ್ಜಾರ,” ಎಂದ ಮೌನೇಶ. “ತುದೀಗೆ ಏನೂ ಆಗಂಗಿಲ್ಲ.”

ಊರಿನ ಹೆಂಗಸರೆಲ್ಲ ಸೆರಗು ಬಾಯಿಗೆ ಹಿಡಿದು ನಕ್ಕರು. ಅಂಬುಜಾಬಾಯಿಯವರು ನಗಲಿಲ್ಲ. ನೂರೆಂಟು ಬತ್ತಿಯ ಪಟ್ಟಿ ಬಿಚ್ಚುವವರೆಗೆ ದೇವರು ಕತ್ತಲೆಯಲ್ಲಿ ಕುಳಿತಿದ್ದ, ಪತ್ತಾರರ ಸೊಸೆ ದೇವರ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ಮನೆಗೆ ಬಂದ ಮೇಲೆ ತಲೆ ಎತ್ತಿದರು.

“ಪೆದ್ದಾ! ಪತ್ತಾರರ ಮನೆಗೆ ಹುಟ್ಟಿದ ಪೆದ್ದಾ! ಕಂಡದ್ದಕ್ಕೆಲ್ಲ ಪಟ್ಟಿ ಸುತ್ತುತ್ತಾರೆಯೇ? ನಿನ್ನ ಅಪ್ಪ ಏನು ಮಾಡುತ್ತಿದ್ದರು, ನೋಡಿಲ್ಲವೇ? ಮೊದಲು ಹತ್ತಿಯ ಎಳೆ ತೆಗೆದುಕೊಂಡು ಮೇಲೆ ಹಗುರಾಗಿ ಎಳೆಯುತ್ತಿದ್ದರು. ಹತ್ತಿ ಜಾರಿ ಹೋದರೆ ನುಣುಪು, ಬಿಟ್ಟುಬಿಡು. ಹತ್ತಿ ಸಿಕ್ಕಿಕೊಂಡರೆ ಒರಟು, ಅಲ್ಲಿ ಉಜ್ಜು. ಮೊದಲು ಪರೀಕ್ಷೆ, ಆಮೇಲೆ ಕೆಲಸ!”

“ಆಗ್ಲಿ ಅವ್ವಾ. ಮುಂದಿನ ಸಲ ಹಂಗ ಮಾಡ್ತೀನಿ.”

ಈ ಮಾತು ಕಡ್ಡಿಗೆ ಸರಿಯಾಗಿ ಹತ್ತಿತು. ಅಂಬುಜಾಬಾಯಿಯವರು ಎದುರಿಗೆ ಕುರ್ಚಿ ಹಾಕಿಕೊಂಡು ಕುಳಿತರು. ಹತ್ತಿ ಎಳೆದ, ಸಿಕ್ಕಿತು, ಉಜ್ಜಿದ. ಮತ್ತೆ ಎಳೆದ, ಸಿಕ್ಕಿತು, ಸಣ್ಣ ಕಾಗದ ಹಿಡಿದ. ಮತ್ತೆ ಎಳೆದ, ಜಾರಿತು. “ಸಾಕು!” ಎಂದರು. ಇಟ್ಟ. ಒಂದು ಕಡ್ಡಿ, ಎರಡು ಕಡ್ಡಿ, ಐದು ಕಡ್ಡಿ. ಕೈಯಲ್ಲಿ ತಂದೆಯ ಹದ ಇತ್ತು. ತಾಯಿಗೆ ಅದು ಕಂಡಿತು, ಕಂಡದ್ದನ್ನು ಹೇಳಲಿಲ್ಲ. ಹೊಗಳಿದರೆ ಹೊಗಳಿಕೆಯನ್ನೂ ಏನು ಮಾಡಿಬಿಡುತ್ತಾನೋ!

ಅರ್ಧ ಕೆಲಸ ಆಗಿದೆಯೆಂದು ಕೇಳಿ ಹುದ್ದಾರ ಮಾಸ್ತರರು ನೋಡಲು ಬಂದರು. ಅವರಿಗೆ ಆ ತಿಂಗಳು ಏನೋ ವ್ರತ, ಗಡ್ಡ ತೆಗೆದಿರಲಿಲ್ಲ. ಮುಖದ ತುಂಬ ಬಿಳಿ ಮುಳ್ಳು. ಅಂಬುಜಾಬಾಯಿಯವರು ಹೋಳಿಗೆ ಬಡಿಸಿದರು, ತುಪ್ಪ ಬಡಿಸಿದರು, ಇನ್ನೊಂದು ಹೋಳಿಗೆ ಬಡಿಸಿದರು. ಮಾಸ್ತರರು ಆರಾಮ ಕುರ್ಚಿಯಲ್ಲಿ ಒರಗಿದರು. ಗೊರಕೆ ಬಂತು. ತಟ್ಟೆ ಲೋಟ ತೊಳೆಯಲು ಅಂಬುಜಾಬಾಯಿಯವರು ಹಿತ್ತಲಿಗೆ ಹೋದರು. ಮೂರು ತಟ್ಟೆ ತೊಳೆಯುವಷ್ಟು ಹೊತ್ತು, ಹೆಚ್ಚಲ್ಲ.

“ಅಯ್ಯಯ್ಯೋ! ಸತ್ತೆ! ಸತ್ತೆನ್ರೋ!”

ಓಡಿ ಬಂದು ನೋಡುತ್ತಾರೆ: ಮಾಸ್ತರರು ಕುರ್ಚಿಯ ಮೇಲೆ ನಿಂತಿದ್ದಾರೆ. ಎಡಗೆನ್ನೆ ಕೆಂಪು ಟೊಮೇಟೊ. ಗಡ್ಡಕ್ಕೆ ಅಲ್ಲಲ್ಲಿ ಹತ್ತಿ ಅಂಟಿದೆ. ಕೆಳಗೆ ಮೌನೇಶ, ಒಂದು ಕೈಯಲ್ಲಿ ಹತ್ತಿ, ಒಂದು ಕೈಯಲ್ಲಿ ಉಪ್ಪುಕಾಗದ.

“ಅವ್ವಾ, ಪರೀಕ್ಷೆ ಮಾಡಿದೆ. ಹತ್ತಿ ಜಾರಲಿಲ್ಲ. ಎಲ್ಲಾ ಕಡೆ ಸಿಕ್ಕೊಂಡ್ತು. ಭಾಳ ಒರಟು ಅದಾರ ಮಾಸ್ತರು.”

“ಯಾವ ಕಾಗದ ಹಚ್ಚಿದಿಯೋ ರಾಕ್ಷಸಾ!” ಎಂದು ಮಾಸ್ತರರು ಕಿರುಚಿದರು.

“ನಾನೂರರದ್ರಿ. ಇನ್ನೂರರದು ಹಚ್ಚಬೇಕಿತ್ತು, ಆದ್ರ ನೀವು ವಯಸ್ಸಾದವರು.”

“ಉದ್ದಕ್ಕ ಉಜ್ಜಿದ್ಯೋ ಅಡ್ಡಕ್ಕೋ?” ಎಂದು ಕಿಟಕಿಯಿಂದ ನೀಲವ್ವ ಕೇಳಿದಳು. ಆ ಹೆಂಗಸಿಗೆ ಯಾವಾಗಲೂ ಕಿಟಕಿಯಲ್ಲೇ ಕೆಲಸ.

ಮಾಸ್ತರರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಹೊರಟರು. ಬಾಗಿಲಲ್ಲಿ ತಿರುಗಿ, “ಬಾಯಿ, ನಿಮ್ಮ ಮನೀ ಋಣ ಇವತ್ತಿಗೆ ಮುಗೀತು” ಎಂದರು. ಅಂಬುಜಾಬಾಯಿಯವರಿಗೆ ಸಿಟ್ಟಿನಿಂದ ಕಿವಿಯೊಳಗೆ ಗಂಟೆ ಬಾರಿಸಿದ ಹಾಗಾಯಿತು. ಮಾಸ್ತರರ ಮೇಲೆ ಅರ್ಧ, ಮಗನ ಮೇಲೆ ಅರ್ಧ. ಮಾಸ್ತರರು ಹೋಗಿಬಿಟ್ಟದ್ದರಿಂದ ಎರಡು ಅರ್ಧವೂ ಮಗನ ಮೇಲೆ.

“ಪೆದ್ದಾ! ಪತ್ತಾರರ ಮನೆಗೆ ಹುಟ್ಟಿದ ಪೆದ್ದಾ! ಅದು ಮಾಸ್ತರರ ಮುಖ! ಅದರ ಒಡೆಯರು ಮಾಸ್ತರರು! ನಿನ್ನ ಅಜ್ಜ ಬಳಗ ಕಟ್ಟಿದಾಗ ಬರೆದ ಮೊದಲ ನಿಯಮ ಏನು? ಒಡೆಯನನ್ನು ಕೇಳು! ಒಡೆಯ ಹೂಂ ಎನ್ನುವವರೆಗೆ ಕಾಯಿ! ಹೂಂ ಎನ್ನದೆ ಯಾವುದಕ್ಕೂ ಕೈ ಹಾಕಬೇಡ!”

“ಆಗ್ಲಿ ಅವ್ವಾ. ಮುಂದಿನ ಸಲ ಹಂಗ ಮಾಡ್ತೀನಿ.”

ಸಭೆಗೆ ನಾಲ್ಕು ದಿನ ಉಳಿಯಿತು. ಹನ್ನೊಂದು ಕಡ್ಡಿ ಮುಗಿದಿತ್ತು. ಕಡೆಗೆ ಚರ್ಮದ ಮೇಲೆ ಹಸಿರು ಪಾಲಿಶ್ ಹಚ್ಚಿ ತಿಕ್ಕಿ ಹೊಳಪು ಕೊಡಬೇಕು. ಆ ಚರ್ಮ ಉಗ್ರಾಣದಲ್ಲಿತ್ತು. ಅಂಬುಜಾಬಾಯಿಯವರು ಒಳಗೆ ಹೋದರು. ಗಾಳಿ ಬೀಸಿತು. ಬಾಗಿಲು ದಡ್ ಎಂದು ಮುಚ್ಚಿತು. ಅದಕ್ಕಿದ್ದದ್ದು ಅಜ್ಜ ಕಾಳಪ್ಪನವರೇ ಮಾಡಿ ಹಾಕಿದ ಬೀಗ. ತಾನಾಗಿ ಬೀಳುತ್ತದೆ, ಹೊರಗಿನಿಂದಲೇ ತೆಗೆಯಬೇಕು. ಕೀಲಿಕೈ ಅಂಬುಜಾಬಾಯಿಯವರ ಸೊಂಟದಲ್ಲಿ, ಬಾಗಿಲಿನ ಒಳಗೆ. ಒಳಗೆ ಎರಡು ಚೀಲ ಬ್ಯಾಡಗಿ ಮೆಣಸಿನಕಾಯಿ.

“ಮೌನೇಶ! ಬಾಗಿಲು ಹಾಕಿಕೊಂಡಿತು. ಕಡ್ಡಿ ತಂದು ಬೀಗ ಬಿಡಿಸು!”

“ಈ ಬೀಗ ಯಾರದವ್ವಾ?”

“ನಿನ್ನ ಅಜ್ಜನದು! ಆಕ್ಷೀ! ಬೇಗ!”

“ಆಗ್ಲಿ ಅವ್ವಾ. ಕೇಳಿ ಬರ್ತೀನಿ.”

ಕಾಳಪ್ಪನವರು ತೀರಿಕೊಂಡು ಇಪ್ಪತ್ತು ವರ್ಷ. ಮೌನೇಶ ನಡುಮನೆಗೆ ಹೋಗಿ ಅಜ್ಜನ ಫೋಟೋದ ಮುಂದೆ ಕೈಕಟ್ಟಿ ನಿಂತ. “ಅಜ್ಜಾ, ನಿನ್ನ ಬೀಗ ತೆಗೀಲೇನು?” ಎಂದ. ಅಜ್ಜ ಮೀಸೆಯ ಮೇಲಿಂದ ನೋಡಿದರು. ಏನೂ ಹೇಳಲಿಲ್ಲ. ಮೌನೇಶ ಕಾದ.

“ಮೌನೇಶ! ಆಕ್ಷೀ! ಏನು ಮಾಡುತ್ತಿದ್ದೀಯ?”

“ಅಜ್ಜ ಇನ್ನೂ ಹೂಂ ಅಂದಿಲ್ಲವ್ವಾ!”

ಹತ್ತು ಗಂಟೆಗೆ ಒಳಗೆ ಹೋದವರಿಗೆ ಹನ್ನೆರಡಾಯಿತು, ಒಂದಾಯಿತು. ಅಂಬುಜಾಬಾಯಿಯವರು ಸೀನಿದರು, ಬೈದರು, ಬಾಗಿಲು ಗುದ್ದಿದರು, ಮತ್ತೆ ಸೀನಿದರು. ಕಾನ್ವೆಂಟಿನಲ್ಲಿ ಕಲಿಸದ ಒಂದೆರಡು ಮಾತೂ ಬಂದವು. ಆ ಸದ್ದಿಗೆ ನೀಲವ್ವ ಬಂದಳು, ಕೇಳಿದಳು, ನಕ್ಕಳು, ಮೌನೇಶನ ಹಿಂದೆ ಹೋಗಿ ನಿಂತು, ದನಿ ದಪ್ಪ ಮಾಡಿ ಹೇಳಿದಳು: “ಹೂಂ!”

“ಅಂದ! ಅಜ್ಜ ಅಂದ!” ಎಂದು ಮೌನೇಶ ಓಡಿದ. ಎರಡು ಕಡ್ಡಿ ಇಟ್ಟ, ಒಂದು ಒತ್ತಿದ, ಒಂದು ಆಡಿಸಿದ. ಐದು ಉಸಿರಿನಲ್ಲಿ ಬಾಗಿಲು ತೆರೆಯಿತು. ಅಂಬುಜಾಬಾಯಿಯವರು ಕೆಂಪು ಕಣ್ಣು, ಕೆಂಪು ಮೂಗು ಹೊತ್ತು ಹೊರಗೆ ಬಂದರು.

“ಪೆದ್ದಾ! ಪತ್ತಾರರ ಮನೆಗೆ ಹುಟ್ಟಿದ ಪೆದ್ದಾ! ಸತ್ತವರು ಹೂಂ ಎನ್ನುತ್ತಾರೆಯೇ! ಒಳಗಿನಿಂದ ಬಾಗಿಲು ಗುದ್ದಿ ಕೂಗುತ್ತಿದ್ದರೆ ಯಾರನ್ನೂ ಕೇಳಬಾರದು! ಅಜ್ಜನನ್ನೂ ಕೇಳಬಾರದು, ನನ್ನನ್ನೂ ಕೇಳಬಾರದು! ಗುದ್ದಿ ಕೂಗಿದರೆ ತೆಗೆ! ತಕ್ಷಣ ತೆಗೆ!”

“ಆಗ್ಲಿ ಅವ್ವಾ. ಮುಂದಿನ ಸಲ ಹಂಗ ಮಾಡ್ತೀನಿ.”

ಸಭೆಯ ದಿನ ಬಂತು. ಹನ್ನೆರಡು ಕಡ್ಡಿಯೂ ಮುಗಿದಿದ್ದವು. ಹಸಿರು ಮಖಮಲ್ಲಿನಲ್ಲಿ ಸುತ್ತಿ, ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು, ಮಗನಿಗೆ ಬಿಳಿ ಅಂಗಿ ತೊಡಿಸಿ, ಅಂಬುಜಾಬಾಯಿಯವರು ಪುರಸಭೆಯ ಸಭಾಭವನಕ್ಕೆ ನೇರ ಬೆನ್ನಿನಿಂದ ನಡೆದರು. ಬಳಗದ ನಲವತ್ತು ಜನ ಕುಳಿತಿದ್ದರು. ವೇದಿಕೆಯ ಮೇಲೆ ಹಾರ, ಹಣ್ಣು, ಮೊದಲು ತೆಗೆಯಬೇಕಾದ ಬೀಗ, ಗೀರು ನೋಡಲು ಅಧ್ಯಕ್ಷರ ಭೂತಗನ್ನಡಿ. ಹುದ್ದಾರ ಮಾಸ್ತರರ ಎಡಗೆನ್ನೆ ಹೊಸ ಆಲೂಗಡ್ಡೆಯಂತೆ ಸಿಪ್ಪೆ ಏಳುತ್ತಿತ್ತು.

“ತಂದಿದ್ದೇವೆ ಮಾಸ್ತರೇ,” ಎಂದು ಅಂಬುಜಾಬಾಯಿಯವರು ಗಂಟನ್ನು ಮುಂದಿಟ್ಟರು.

ಮಾಸ್ತರರು ಗಂಟನ್ನು ಒಂದು ಬೆರಳಿನಿಂದ ಹಿಂದಕ್ಕೆ ತಳ್ಳಿದರು. “ಬ್ಯಾಡ್ರಿ ಬಾಯಿ. ಬೆಟಗೇರಿಯಿಂದ ತರಿಸೀವಿ.”

“ಹತ್ತಿ ಎಳೆದು ನೋಡಿರಿ.”

“ನೋಡೂದು ಏನೈತ್ರಿ? ಪೆದ್ದ ಉಜ್ಜಿದ ಕಡ್ಡಿ. ಒರಟ ಇರತಾವು. ನಿಮ್ಮ ಯಜಮಾನರ ಜೋಡಿ ನಿಮ್ಮ ಮನೀ ಕೈಗುಣಾನೂ ಸುಟ್ಟು ಬೂದಿ ಆತು. ಇವು ಹಲ್ಲಿನ ಸಂದಿಗೆ ಆದಾವು, ಒಯ್ಯರಿ.”

ನಲವತ್ತು ಜನ ನಕ್ಕರು. ಹಿಂದಿನ ಸಾಲಿನಲ್ಲಿ ಒಬ್ಬ ಚಪ್ಪಾಳೆಯನ್ನೂ ಹೊಡೆದ.

“ನೋಡದೆ ಹೇಳುತ್ತಿದ್ದೀರಿ ಮಾಸ್ತರೇ. ನೋಡದೆ ಹೇಳುವುದು ನಿಮ್ಮ ಶಾಲೆಯಲ್ಲಿ ನಡೆಯುತ್ತಿರಬಹುದು.”

“ಈ ಹುಡುಗನ್ನ ಮೊದಲು ಹೊರಗ ಕಳಸ್ರಿ! ನನಗ ಇನ್ನೊಂದು ಗಲ್ಲ ಐತಿ, ಅದು ಬೇಕು!”

ಮತ್ತೆ ನಗು. ಮೌನೇಶ ಗಂಟು ಎತ್ತಿಕೊಂಡು ಹೊರಗೆ ಹೋದ. ಅಂಬುಜಾಬಾಯಿಯವರು ಹೋಗಲಿಲ್ಲ. ಕುರ್ಚಿ ಕೊಡುವವರಿರಲಿಲ್ಲ, ನಿಂತೇ ಇದ್ದರು. ಮುತ್ತಜ್ಜನಿಗೆ ಶಾಲು ಹೊದಿಸಿದ ಊರು ಇದು. ಇಂಥ ಊರಿನಲ್ಲಿ ಹಲ್ಲುಕಡ್ಡಿ ಎನ್ನಿಸಿಕೊಂಡು ಹಿಂದಿರುಗುವುದು ಹೇಗೆ? ಕಣ್ಣು ಉರಿಯಿತು, ಈ ಸಲ ಮೆಣಸಿನಕಾಯಿಯ ಮೇಲೆ ಹಾಕುವ ಹಾಗಿರಲಿಲ್ಲ.

ಸಭಾಭವನದ ಹಿಂದೆಯೇ, ಹಿಂಬಾಗಿಲಿಗೆ ಎದುರಾಗಿ, ಪುರಸಭೆಯ ದೊಡ್ಡಿ. ಬಿಡಾಡಿ ದನಗಳನ್ನು ಹಿಡಿದು ಕೂಡಿಹಾಕುವ ಜಾಗ. ಆ ವಾರ ಇಪ್ಪತ್ಮೂರು ಎಮ್ಮೆ ಇದ್ದವು. ನೀರು ಕುಡಿಸುವ ಹೊತ್ತಾಗಿತ್ತು, ಯಾರೂ ಬಂದಿರಲಿಲ್ಲ. ಎಮ್ಮೆಗಳು ತಗಡಿನ ಬಾಗಿಲಿಗೆ ಕೋಡಿನಿಂದ ಗುದ್ದಿದವು. ಢಂ! ಢಂ! ಗುದ್ದಿ ಕೂಗಿದವು. ಆಂಯ್!

ಮೌನೇಶ ಕೇಳಿದ. ಒಳಗಿನಿಂದ ಗುದ್ದುತ್ತಾರೆ. ಕೂಗುತ್ತಾರೆ. ಯಾರನ್ನೂ ಕೇಳಬಾರದು. ಅಜ್ಜನನ್ನೂ ಕೇಳಬಾರದು, ಅವ್ವನನ್ನೂ ಕೇಳಬಾರದು.

“ಬಂದೆ, ಬಂದೆ! ತೆಗೀತೀನಿ!” ಎಂದ. ಗಂಟು ಬಿಚ್ಚಿದ.

ಸಭೆಯಲ್ಲಿ ಮಾಸ್ತರರು ಬೆಟಗೇರಿಯ ಕಡ್ಡಿ ಹಿಡಿದು ಮೊದಲ ಬೀಗದೊಳಗೆ ಆಡಿಸುತ್ತಿದ್ದರು. ಕಡ್ಡಿ ಕಚ್ಚಿಕೊಂಡಿತ್ತು. ಎಳೆದರೆ ಬರುತ್ತಿರಲಿಲ್ಲ, ತಳ್ಳಿದರೆ ಹೋಗುತ್ತಿರಲಿಲ್ಲ. “ಈಗ ಬರತೈತಿ, ಈಗ ಬರತೈತಿ” ಎನ್ನುತ್ತಿದ್ದರು. ಅಷ್ಟರಲ್ಲಿ ಬಂತು. ಕಡ್ಡಿಯಲ್ಲ. ಎಮ್ಮೆ.

ಒಂದು ಎಮ್ಮೆ, ಅದರ ಹಿಂದೆ ಒಂದು, ಅದರ ಹಿಂದೆ ಇಪ್ಪತ್ತೊಂದು. ಕುರ್ಚಿ ಉರುಳಿದವು. ಬಳಗದವರು ಕಿಟಕಿ ಹತ್ತಿದರು. ಚಪ್ಪಾಳೆ ಹೊಡೆದವನು ಮೇಜಿನ ಕೆಳಗೆ ಹೋದ. ಒಂದು ಎಮ್ಮೆ ಹಾರ ತಿಂದಿತು, ಒಂದು ಬಾಳೆಹಣ್ಣು ತಿಂದಿತು, ಒಂದು ಅಧ್ಯಕ್ಷರ ಭಾಷಣವನ್ನು ಮೊದಲ ಹಾಳೆಯಿಂದ ತಿನ್ನಲು ಶುರುಮಾಡಿತು. ಬಾಗಿಲಲ್ಲಿ ಮೌನೇಶ ನಿಂತಿದ್ದ, ಮುಖದ ತುಂಬ ನಗು.

“ಅವ್ವಾ! ಗುದ್ದಿ ಕೂಗಿದ್ರು! ತಕ್ಷಣ ತೆಗೆದೆ!”

ದೊಡ್ಡಿಯ ಕಾವಲುಗಾರ ದ್ಯಾಮಣ್ಣ ಏದುಸಿರು ಬಿಡುತ್ತ ಓಡಿ ಬಂದ. ಕೈಯಲ್ಲಿ ತೆಂಗಿನಕಾಯಿ ಗಾತ್ರದ ಹಳೆಯ ಬೀಗ. “ಯಾರ್ರೀ ತೆಗೆದವರು? ಕೀಲಿಕೈ ನನ್ನ ಉಡದಾರದಾಗ ಐತ್ರಿ! ಕೀಲಿಕೈ ಹಾಕಿದ್ರೂ ನನಗಽ ಅರ್ಧ ತಾಸು ಬೇಕು ಇದನ್ನ ತೆಗೀಲಿಕ್ಕೆ! ಹೋದ ವರ್ಷ ನಿಮ್ಮ ಬಳಗದವರಽ ಆರು ಮಂದಿ ಕೂಡಿ ನೋಡಿ, ಆಗೂದಿಲ್ಲಂತ ಬಿಟ್ಟು ಹೋಗಿದ್ರಲ್ರಿ!”

ಅಂಬುಜಾಬಾಯಿಯವರು ಕೈ ಚಾಚಿ ಬೀಗ ತೆಗೆದುಕೊಂಡರು. ಎಮ್ಮೆಗಳ ನಡುವೆ ದಾರಿ ಮಾಡಿಕೊಂಡು ವೇದಿಕೆಗೆ ನಡೆದರು. ಮಾಸ್ತರರು ಮೇಜಿನ ಮೇಲೆ ಕಾಲು ಮಡಚಿ ಕುಳಿತಿದ್ದರು. ಅವರ ಮುಂದೆ ಬೀಗ ಇಟ್ಟರು, ಅವರದೇ ಭೂತಗನ್ನಡಿ ಅವರ ಕೈಗೆ ಕೊಟ್ಟರು.

“ಗೀರು ಹುಡುಕಿರಿ.”

ಮಾಸ್ತರರು ಹುಡುಕಿದರು. ತಿರುಗಿಸಿ ಹುಡುಕಿದರು. ಕೀಲಿಕೈ ತೂರುವ ತೂತಿನ ಸುತ್ತ ಹುಡುಕಿದರು. ಒಂದು ಗೀರೂ ಸಿಗಲಿಲ್ಲ.

ಅಂಬುಜಾಬಾಯಿಯವರು ಮಗನ ಕೈಯಿಂದ ಬೀಗ ತೆಗೆದ ಕಡ್ಡಿಯನ್ನು ತೆಗೆದುಕೊಂಡು, ಮಾಸ್ತರರ ಕಣ್ಣ ಮುಂದೆ ಹಿಡಿದು, ಗಂಟು ಬಿದ್ದ ಬೆರಳುಗಳಿಂದಲೇ ಜೊತೆಗೆ ತಂದಿದ್ದ ಹತ್ತಿಯ ಎಳೆಯನ್ನು ತುದಿಯಿಂದ ಹಿಡಿಯವರೆಗೆ ಎಳೆದರು. ಹತ್ತಿ ಜಾರಿತು. ಎಲ್ಲಿಯೂ ನಿಲ್ಲದೆ ಜಾರಿತು.

“ಬಾಯಿ,” ಎಂದರು ಮಾಸ್ತರರು, “ಈ ಎಮ್ಮಿ ನನ್ನ ಧೋತರ—”

“ಎಮ್ಮೆಯ ವಿಷಯ ಆಮೇಲೆ. ಪತ್ತಾರರ ಮನೆಯ ಕಡ್ಡಿಯನ್ನು ನೋಡದೆ ಒರಟು ಎಂದಿರಿ. ನಲವತ್ತು ಜನರ ಮುಂದೆ ಎಂದಿರಿ. ನಲವತ್ತು ಜನ ಇನ್ನೂ ಇಲ್ಲೇ ಇದ್ದಾರೆ, ಕಿಟಕಿಯ ಮೇಲೆ. ಕ್ಷಮೆ ಕೇಳಿರಿ.”